ಮಲೆನಾಡಿನ ಮನೆಯಲ್ಲಿ ನಾಯಿಗೆ ಶಿಸ್ತು ಕಲಿಸುವ ಕ್ರಮ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಒಂಟಿ ಮನೆಗಳಿಗೆ ಹೆಚ್ಚಾಗಿ ಕಾಂಪೌಂಡ್ ಗೋಡೆ ಇರುವುದಿಲ್ಲ. ಅಂಗಳ ಇಳಿದರೆ ಅಡಿಕೆ ತೋಟ, ತೋಟ ದಾಟಿದರೆ ಸೊಪ್ಪಿನ ಬೆಟ್ಟ, ಅದರಾಚೆಗೆ ಕಾಡು. ಇಂಥ ಮನೆಯಲ್ಲಿ ಬೆಳೆಯುವ ನಾಯಿಗೆ ಎದುರಾಗುವ ಅಪಾಯಗಳು ಶಿವಮೊಗ್ಗದ ವಿನೋಬನಗರದಲ್ಲೋ ಗೋಪಾಳದಲ್ಲೋ ಗೇಟಿನೊಳಗೆ ಬೆಳೆಯುವ ನಾಯಿಯ ಅಪಾಯಗಳಿಗಿಂತ ಬೇರೆ. ಸಂಜೆಯ ಹೊತ್ತಿಗೆ ಮನೆಯ ಹತ್ತಿರಕ್ಕೇ ಬರುವ ಚಿರತೆ, ತೋಟದ ಕಾದಿಗೆಯಲ್ಲಿ (ನೀರು ಹರಿಯುವ ಕಾಲುವೆಯಲ್ಲಿ) ಸಿಗುವ ನಾಗರಹಾವು, ಕಾಡುಹಂದಿಗೆಂದು ಯಾರೋ ಇಟ್ಟ ಉರುಳು ಅಥವಾ ಸಿಡಿಮದ್ದು, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ಅಂಗಳದಲ್ಲಿ ತೆರೆದಿಟ್ಟ ಬೋರ್ಡೋ ದ್ರಾವಣದ ಡ್ರಮ್ಮು, ಇವೆಲ್ಲ ನಾಯಿಯ ದಿನನಿತ್ಯದ ದಾರಿಯಲ್ಲೇ ಇರುತ್ತವೆ. ಆದ್ದರಿಂದ ಮಲೆನಾಡಿನ ನಾಯಿಗೆ ಮೊದಲು ಕಲಿಸಬೇಕಾದದ್ದು ಕೈ ಕೊಡುವುದನ್ನಲ್ಲ, ಎರಡು ಕಾಲಿನ ಮೇಲೆ ನಿಲ್ಲುವುದನ್ನೂ ಅಲ್ಲ. ಕರೆದ ಕೂಡಲೇ ತಿರುಗಿ ಬರುವುದು, ಬಾಯಿ ಹಾಕಲು ಹೊರಟದ್ದನ್ನು ಹೇಳಿದ ಕೂಡಲೇ ಬಿಡುವುದು, ಈ ಎರಡನ್ನು ಗಟ್ಟಿ ಮಾಡಿಕೊಂಡ ಮೇಲೆ ಉಳಿದದ್ದನ್ನು ನಿಧಾನವಾಗಿ ಕಲಿಸಬಹುದು.

ಮರಿಯನ್ನು ತಾಯಿಯಿಂದ ಎಂಟು ವಾರ ತುಂಬುವ ಮೊದಲು ಬೇರ್ಪಡಿಸಬಾರದು. ಎಷ್ಟು ಗಟ್ಟಿಯಾಗಿ ಕಚ್ಚಿದರೆ ಇನ್ನೊಂದಕ್ಕೆ ನೋವಾಗುತ್ತದೆ ಎಂಬುದನ್ನು ಮರಿ ಮೊದಲು ಕಲಿಯುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆಗಿನ ಆಟದಲ್ಲೇ. ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಅವಧಿಯಲ್ಲಿ ಮರಿ ಏನನ್ನು ನಿರ್ಭಯವಾಗಿ ನೋಡುತ್ತದೋ ಅದನ್ನು ಬದುಕಿನ ಸಹಜ ಭಾಗವೆಂದು ಒಪ್ಪಿಕೊಳ್ಳುತ್ತದೆ. ಆಗ ಕಾಣದೇ ಉಳಿದದ್ದಕ್ಕೆ ಮುಂದೆ ಹೆದರುವುದೋ ಬೊಗಳುವುದೋ ಹೆಚ್ಚು. ಹಾಗಾಗಿ ಆ ವಾರಗಳಲ್ಲಿ ಕೊಟ್ಟಿಗೆಯ ದನಕರುಗಳು, ಕೋಳಿ, ಅಡಿಕೆ ಸುಲಿಯುವ ಯಂತ್ರದ ಸದ್ದು, ಕಂಬಳಿಕೊಪ್ಪೆ ಹೊದ್ದು ಬರುವ ಆಳು, ಛತ್ರಿ ಬಿಡಿಸುವ ನೆಂಟರು, ಬೈಕು, ಜೀಪು, ಎಲ್ಲವನ್ನೂ ಮರಿಗೆ ದೂರದಿಂದ, ಒಂದೊಂದಾಗಿ, ಬಾಯಿಗೆ ಏನಾದರೂ ರುಚಿಯಾದದ್ದನ್ನು ಕೊಡುತ್ತಾ ಪರಿಚಯಿಸಬೇಕು. ಲಸಿಕೆಗಳು ಪೂರ್ಣವಾಗುವವರೆಗೆ ಬೀದಿನಾಯಿಗಳು ಓಡಾಡುವ ಜಾಗದಲ್ಲಿ ನೆಲಕ್ಕೆ ಬಿಡದೆ ಎತ್ತಿಕೊಂಡೇ ತೋರಿಸುವುದು ಕ್ಷೇಮ, ಏಕೆಂದರೆ ಪಾರ್ವೋ ರೋಗ ಮರಿಗಳನ್ನು ಎರಡು ಮೂರು ದಿನಗಳಲ್ಲೇ ಬಲಿ ತೆಗೆದುಕೊಳ್ಳಬಲ್ಲದು.

ಕಲಿಸುವ ಕೆಲಸ ಶುರು ಮಾಡುವ ಮೊದಲು ಮನೆಯವರೆಲ್ಲ ಒಟ್ಟಿಗೆ ಕುಳಿತು ಮಾತುಗಳನ್ನು ನಿಗದಿ ಮಾಡಿಕೊಳ್ಳಬೇಕು. ಅಪ್ಪ ‘ಬಾ’ ಎಂದು, ಮಗಳು ‘ಕಮ್’ ಎಂದು, ಅಜ್ಜಿ ಬರೀ ನಾಲಿಗೆ ಚಪ್ಪರಿಸಿ ಕರೆದರೆ ನಾಯಿಗೆ ಅದು ಮೂರು ಬೇರೆ ಬೇರೆ ಸಂಗತಿ. ಬಾ, ಬಿಡು, ಕೂರು, ಜಾಗ, ಈ ನಾಲ್ಕು ಮಾತು ಸಾಕು. ಇವನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿಡಿ. ನಿಯಮಗಳೂ ಹಾಗೆಯೇ ಒಂದೇ ಇರಬೇಕು. ಒಳಜಗಲಿಗೆ ಹತ್ತಬಾರದೆಂದರೆ ಯಾರಿದ್ದರೂ ಹತ್ತಬಾರದು. ಊಟದ ಹೊತ್ತಿಗೆ ಎಲೆಯ ಪಕ್ಕದಿಂದ ಒಬ್ಬರು ದೋಸೆಯ ಚೂರು ಎಸೆದು, ಇನ್ನೊಬ್ಬರು ‘ಹಚಾ’ ಎಂದು ಅಟ್ಟಿದರೆ, ನಾಯಿ ಕಲಿಯುವುದು ಕಾಯುತ್ತಾ ಕೂತರೆ ಯಾವಾಗಲೋ ಒಮ್ಮೆ ಸಿಗುತ್ತದೆ ಎಂಬ ಪಾಠವನ್ನು ಮಾತ್ರ. ಯಾವಾಗಲೋ ಒಮ್ಮೆ ಸಿಗುವ ಫಲಕ್ಕಾಗಿ ಹುಟ್ಟಿದ ಅಭ್ಯಾಸವನ್ನು ಬಿಡಿಸುವುದು ದಿನವೂ ಸಿಗುವ ಫಲದ ಅಭ್ಯಾಸವನ್ನು ಬಿಡಿಸುವುದಕ್ಕಿಂತ ಕಷ್ಟ.

ಬಹುಮಾನ ಕೊಡುವ ಬಗೆ

ನಾಯಿ ಒಳ್ಳೆಯದನ್ನು ಮಾಡಿದ ಒಂದೆರಡು ಸೆಕೆಂಡಿನೊಳಗೆ ಅದಕ್ಕೆ ಪ್ರತಿಫಲ ಸಿಗಬೇಕು. ಅಡುಗೆಮನೆಗೆ ಹೋಗಿ ಡಬ್ಬಿ ತೆಗೆದು ತರುವಷ್ಟರಲ್ಲಿ ನಾಯಿ ಮೂಗೆತ್ತಿ ಬೇರೇನನ್ನೋ ಮೂಸುತ್ತಿರುತ್ತದೆ, ಬಹುಮಾನ ಆ ಮೂಸುವಿಕೆಗೆ ಸೇರಿಹೋಗುತ್ತದೆ. ಈ ತೊಡಕಿಗೆ ಸುಲಭದ ಪರಿಹಾರವೊಂದಿದೆ. ‘ಸೈ’ ಎಂಬಂಥ ಒಂದು ಪುಟ್ಟ ಮಾತನ್ನು ಆರಿಸಿಕೊಳ್ಳಿ. ಎರಡು ಮೂರು ದಿನ, ಏನೂ ಕಲಿಸದೆ, ‘ಸೈ’ ಎನ್ನುವುದು, ಒಂದು ಚೂರು ಕೊಡುವುದು, ಮತ್ತೆ ‘ಸೈ’ ಎನ್ನುವುದು, ಕೊಡುವುದು, ಇಷ್ಟನ್ನೇ ಮಾಡಿ. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಡೆದ ರಷ್ಯದ ವಿಜ್ಞಾನಿ ಇವಾನ್ ಪಾವ್ಲೊವ್ ತನ್ನ ನಾಯಿಗಳಲ್ಲಿ ಕಂಡುಕೊಂಡದ್ದು ಇದನ್ನೇ: ಆಹಾರಕ್ಕೆ ಮುಂಚೆ ಪ್ರತಿಸಲ ಬರುವ ಸದ್ದು ಆಹಾರದಷ್ಟೇ ಅರ್ಥವನ್ನು ಪಡೆದುಕೊಳ್ಳುತ್ತದೆ. ಆಮೇಲೆ ನಾಯಿ ಅಂಗಳದ ಆಚೆ ತುದಿಯಲ್ಲಿ ಕೂತ ಕ್ಷಣಕ್ಕೇ ನೀವು ಜಗಲಿಯಿಂದ ‘ಸೈ’ ಎಂದರೆ, ಚೂರು ಕೈಗೆ ಬರಲು ತಡವಾದರೂ ಯಾವುದಕ್ಕೆ ಸಿಕ್ಕಿತೆಂಬುದು ಅದಕ್ಕೆ ತಿಳಿಯುತ್ತದೆ.

ಚೂರು ಕಡಲೆಕಾಳಿಗಿಂತ ದೊಡ್ಡದಿರಬಾರದು. ಮಾಂಸಾಹಾರದ ಮನೆಗಳಲ್ಲಿ ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿಯ ಲಿವರ್, ಮೀನಿನ ಮುಳ್ಳು ತೆಗೆದ ಚೂರು ಅಥವಾ ಮೊಟ್ಟೆ ಒಳ್ಳೆಯದು. ಸಸ್ಯಾಹಾರದ ಮನೆಗಳಲ್ಲಿ ಪನೀರ್, ಬೇಯಿಸಿದ ಗೆಣಸು, ಕ್ಯಾರೆಟ್ ಇವು ಆಗುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಮತ್ತು ಚಾಕೊಲೇಟ್ ನಾಯಿಗೆ ವಿಷ. ಬೇಯಿಸಿದ ಕೋಳಿಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ. ಪಾಠ ಐದು ನಿಮಿಷ ಮೀರಬಾರದು, ದಿನಕ್ಕೆ ಮೂರು ನಾಲ್ಕು ಸಲವಾದರೂ ನಡೆಯಬೇಕು, ಹೊಟ್ಟೆ ತುಂಬುವ ಮುಂಚೆ ನಡೆಯಬೇಕು.

‘ಬಾ’ ಮತ್ತು ‘ಬಿಡು’

‘ಬಾ’ ಎಂಬುದನ್ನು ಮನೆಯೊಳಗೆ, ಎರಡು ಮಾರು ದೂರದಿಂದ ಆರಂಭಿಸಿ. ನಾಯಿಯ ಹೆಸರು ಹೇಳಿ, ಅದು ತಿರುಗಿ ನೋಡಿದಾಗ ಒಂದೇ ಒಂದು ಸಲ ‘ಬಾ’ ಎಂದು ಹೇಳಿ ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ಬಂದರೆ ‘ಸೈ’, ಚೂರು, ಕತ್ತಿನ ಪಟ್ಟಿಯನ್ನು ಮೆಲ್ಲಗೆ ಹಿಡಿದು ಬಿಡುವುದು. ಪಟ್ಟಿ ಹಿಡಿಯುವುದನ್ನೂ ಇಲ್ಲಿಯೇ ಸೇರಿಸಬೇಕು, ಇಲ್ಲವಾದರೆ ಹತ್ತಿರ ಬಂದು ಚೂರು ಕಸಿದುಕೊಂಡು ಕೈಗೆ ಸಿಗದೆ ಓಡುವ ನಾಯಿ ತಯಾರಾಗುತ್ತದೆ. ಒಳಗೆ ಪಳಗಿದ ಮೇಲೆ ಜಗಲಿ, ಆಮೇಲೆ ಅಂಗಳ, ಆಮೇಲೆ ತೋಟದ ಅಂಚು. ಅಂಗಳ ದಾಟಿದಾಗಿನಿಂದ ಕತ್ತಿನ ಪಟ್ಟಿಗಿಂತ ಎದೆಪಟ್ಟಿಗೆ ಹತ್ತು ಮೀಟರಿನಷ್ಟು ಉದ್ದದ ಹಗುರವಾದ ಹಗ್ಗ ಕಟ್ಟಿ ನೆಲದ ಮೇಲೆ ಎಳೆದುಕೊಂಡು ಹೋಗಲು ಬಿಡಿ. ಈ ಹಗ್ಗ ನಾಯಿಯನ್ನು ಎಳೆದು ತರಲು ಇರುವುದಲ್ಲ. ಕರೆದಾಗ ಬಾರದೆ ಓಡಿಹೋದರೂ ಫಲ ಸಿಗುತ್ತದೆ ಎಂಬ ಅನುಭವ ಅದಕ್ಕೆ ಆಗದಂತೆ ತಡೆಯಲು ಇರುವುದು.

ಇಲ್ಲಿ ಹೆಚ್ಚಿನ ಮನೆಗಳಲ್ಲಿ ಆಗುವ ಒಂದು ತಪ್ಪನ್ನು ವಿವರವಾಗಿಯೇ ಹೇಳಬೇಕು. ಬೆಳಿಗ್ಗೆ ಹಾಲು ಕರೆದು, ಕಾಫಿ ಕುಡಿದು, ತೋಟಕ್ಕೆ ಹೊರಡುವ ಮುಂಚೆ ‘ಬಾ, ಬಾ’ ಎಂದು ನಾಯಿಯನ್ನು ಪ್ರೀತಿಯಿಂದ ಕರೆದು, ಬಂದ ಕೂಡಲೇ ಸರಪಳಿ ಹಾಕುತ್ತಾರೆ. ಸ್ನಾನ ಮಾಡಿಸಲು, ಉಣುಗು (ಉಣ್ಣೆ) ತೆಗೆಯಲು, ಚಪ್ಪಲಿ ಕಚ್ಚಿದ್ದಕ್ಕೆ ಬಯ್ಯಲು ಕೂಡ ಅದೇ ಮಾತಿನಿಂದ ಕರೆಯುತ್ತಾರೆ. ಕೆಲವೇ ವಾರಗಳಲ್ಲಿ ನಾಯಿ ‘ಬಾ’ ಕೇಳಿದೊಡನೆ ನಿಂತು, ಕರೆದವರ ಕೈಯನ್ನು ನೋಡಿ, ಕಿವಿ ಹಿಂದಕ್ಕೆ ಮಡಚಿ, ಬಣವೆಯ ಹಿಂದಕ್ಕೆ ಸರಿಯುತ್ತದೆ. ಅದು ಹಟವಲ್ಲ, ಕಲಿತ ಪಾಠ. ನಾಯಿಗೆ ಇಷ್ಟವಿಲ್ಲದ ಕೆಲಸಕ್ಕೆ ನೀವೇ ಅದರ ಬಳಿಗೆ ನಡೆದುಕೊಂಡು ಹೋಗಿ. ‘ಬಾ’ ಎಂದು ಕರೆದ ಹತ್ತು ಸಲದಲ್ಲಿ ಒಂಬತ್ತು ಸಲವಾದರೂ ಚೂರು ಕೊಟ್ಟು, ತಲೆ ನೇವರಿಸಿ, ‘ಹೋಗು’ ಎಂದು ಮತ್ತೆ ಆಟಕ್ಕೇ ಬಿಡಿ. ಬಾರದಿದ್ದಾಗ ಹಿಂದೆ ಅಟ್ಟಿಕೊಂಡು ಓಡಬಾರದು, ಏಕೆಂದರೆ ಅದು ನಾಯಿಗೆ ಆಟವಾಗಿ ಕಾಣುತ್ತದೆ. ಬೆನ್ನು ತಿರುಗಿಸಿ ಮನೆಯ ಕಡೆಗೆ ನಾಲ್ಕು ಹೆಜ್ಜೆ ಓಡಿದರೆ ಅದೇ ನಿಮ್ಮ ಹಿಂದೆ ಬರುವುದು ಹೆಚ್ಚು. ತಡವಾಗಿ ಬಂದರೂ ಬಂದದ್ದಕ್ಕೆ ಬಹುಮಾನವೇ ಸಲ್ಲಬೇಕು. ಬಯ್ದರೆ ಬಂದದ್ದಕ್ಕೇ ಬಯ್ದಂತೆ.

‘ಬಿಡು’ ಕಲಿಸಲು ಮುಚ್ಚಿದ ಮುಷ್ಟಿಯೊಳಗೆ ಒಂದು ಚೂರು ಇಟ್ಟು ನಾಯಿಯ ಮೂಗಿನ ಮುಂದೆ ಹಿಡಿಯಿರಿ. ಅದು ಮೂಸುತ್ತದೆ, ನೆಕ್ಕುತ್ತದೆ, ಕಾಲಿನಿಂದ ಕೆರೆಯುತ್ತದೆ. ಏನೂ ಹೇಳದೆ, ಕೈ ಎಳೆದುಕೊಳ್ಳದೆ ಇರಿ. ಯಾವುದೋ ಒಂದು ಕ್ಷಣದಲ್ಲಿ ಮೂಗನ್ನು ಹಿಂದಕ್ಕೆ ತೆಗೆಯುತ್ತದೆ. ಆಗ ‘ಸೈ’ ಎಂದು ಇನ್ನೊಂದು ಕೈಯಿಂದ ಇನ್ನೂ ರುಚಿಯಾದ ಚೂರು ಕೊಡಿ, ಮುಷ್ಟಿಯಲ್ಲಿದ್ದದ್ದನ್ನು ಕೊಡಬೇಡಿ. ಮುಷ್ಟಿ ಕಂಡೊಡನೆ ಮೂಗು ತಿರುಗಿಸುವಷ್ಟು ರೂಢಿಯಾದ ಮೇಲೆ ಮಾತ್ರ ‘ಬಿಡು’ ಎಂಬ ಮಾತನ್ನು ಜೋಡಿಸಿ. ನಂತರ ಚೂರನ್ನು ನೆಲದ ಮೇಲಿಟ್ಟು ಕಾಲಿನಿಂದ ಮುಚ್ಚುವುದು, ಮುಚ್ಚದೆ ಇಡುವುದು, ಹಗ್ಗದಲ್ಲಿ ಹಿಡಿದುಕೊಂಡು ಅದರ ಪಕ್ಕದಲ್ಲೇ ನಡೆಯುವುದು, ಕೊನೆಗೆ ತೋಟದ ದಾರಿಯಲ್ಲಿ ಮೊದಲೇ ಇಟ್ಟ ಮೀನಿನ ತಲೆಯನ್ನು ದಾಟಿಸುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗಬೇಕು. ಈಗಾಗಲೇ ಬಾಯಿಯಲ್ಲಿರುವುದನ್ನು ಬಿಡಿಸಲು ಬೆರಳು ಹಾಕಿ ಕಿತ್ತುಕೊಳ್ಳುವ ಬದಲು ಒಳ್ಳೆಯ ಚೂರನ್ನು ತೋರಿಸಿ ಅದಲುಬದಲು ಮಾಡಿಕೊಳ್ಳಿ. ಕಿತ್ತುಕೊಳ್ಳುವವರ ಮನೆಯ ನಾಯಿ ಸಿಕ್ಕಿದ್ದನ್ನು ಗಬಕ್ಕನೆ ನುಂಗುವುದನ್ನು ಕಲಿಯುತ್ತದೆ, ಸಿಡಿಮದ್ದು ಇಡುವ ಊರಿನಲ್ಲಿ ಅದಕ್ಕಿಂತ ಅಪಾಯದ ಅಭ್ಯಾಸ ಇನ್ನೊಂದಿಲ್ಲ.

ಇದೇ ಕಾರಣಕ್ಕೆ ‘ಛೂ’ ಬಿಡುವ ರೂಢಿಯ ಬಗ್ಗೆ ನನಗೆ ಗಟ್ಟಿಯಾದ ಆಕ್ಷೇಪವಿದೆ. ಬಾಳೆಗೊನೆಗೋ ಏಲಕ್ಕಿಗೋ ಮಂಗ ಬಂದಾಗ ನಾಯಿಯನ್ನು ಛೂ ಬಿಡುವುದು ತೋಟದ ಮನೆಗಳಲ್ಲಿ ಸಾಮಾನ್ಯ, ಅದರ ಹಿಂದಿನ ಸಂಕಟವೂ ನಿಜವಾದದ್ದು. ಆದರೆ ಕರೆದಾಗ ಬಾರದ ನಾಯಿಯನ್ನು ಛೂ ಬಿಡುವುದೆಂದರೆ ಅದನ್ನು ಕಾಡಿನ ಕೈಗೆ ಕೊಟ್ಟಂತೆ; ಅಟ್ಟುವ ಹುರುಪು ಮಂಗಕ್ಕೇ ನಿಲ್ಲದೆ ಪಕ್ಕದ ಮನೆಯ ಕರು, ಕೋಳಿ, ಬೈಕಿನಲ್ಲಿ ಹೋಗುವವರ ಕಾಲಿನವರೆಗೂ ಹರಡುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದ ಹರಡುವಂಥದ್ದು, ಮಂಗ ಸತ್ತ ಜಾಗದಲ್ಲಿ ಸೋಂಕಿನ ಉಣುಗುಗಳು ಉದುರಿ ಬಿದ್ದಿರುತ್ತವೆ. ಅಂಥ ಕಡೆ ಸುತ್ತಿಬಂದ ನಾಯಿಯ ಮೈಗೆ ಅಂಟಿಕೊಂಡು ಅವು ಮನೆಯೊಳಗೆ ಬರಬಹುದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ನಾಯಿಯನ್ನು ಕಾಡಿಗೆ ಬಿಡದಿರುವುದು, ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಯವರಿಗೆ ತಿಳಿಸುವುದು ಮನೆಯವರ ಕ್ಷೇಮಕ್ಕೇ ಬೇಕಾದದ್ದು.

ಮಳೆಗಾಲದ ಮರಿ

ಜೂನ್ ತಿಂಗಳಲ್ಲಿ ಮರಿ ತಂದವರ ಗೋಳು ಒಂದೇ: ಹೊರಗೆ ಬಿಟ್ಟರೆ ಹೋಗುವುದಿಲ್ಲ, ಒಳಗೆ ಬಂದೊಡನೆ ಮಾಡುತ್ತದೆ. ಸೂರಿನಿಂದ ನೀರು ಧಾರೆಯಾಗಿ ಸುರಿಯುತ್ತಿರುವಾಗ ಮರಿ ಮೆಟ್ಟಿಲಿನ ತುದಿಗೆ ಬಂದು, ಒಂದು ಮುಂಗಾಲನ್ನು ಚಾಚಿ, ಮೇಲೆ ಬಿದ್ದ ಹನಿಗೆ ಬೆಚ್ಚಿ, ಒದರಿಕೊಂಡು, ತಿರುಗಿ ಒಳಗೋಡುತ್ತದೆ. ಅದರ ಮೇಲೆ ಕೋಪಗೊಳ್ಳುವ ಬದಲು ಒಣಜಾಗವನ್ನು ಮಾಡಿಕೊಡಬೇಕು. ಹಿತ್ತಲಿನ ಕಡೆ, ಸೌದೆಕೊಟ್ಟಿಗೆಯ ಪಕ್ಕದಲ್ಲೋ ಅಡಿಕೆ ಸೋಗೆ ಅಥವಾ ತಗಡು ಹೊದಿಸಿದ ಸಣ್ಣ ಮಾಡಿನ ಕೆಳಗೋ ಒಂದು ಮಾರು ಅಗಲದ ಜಾಗದಲ್ಲಿ ಒಣಮಣ್ಣು ಹರಡಿ, ಮೇಲೆ ಒಂದಿಷ್ಟು ದರಗು (ಒಣಗಿದ ಎಲೆ) ಹಾಕಿ. ಒಳಗೆ ಮೂತ್ರ ಒರೆಸಿದ ಬಟ್ಟೆಯ ತುಂಡೊಂದನ್ನು ಮೊದಲ ದಿನ ಅಲ್ಲಿಡಿ, ವಾಸನೆಯಿಂದ ಮರಿಗೆ ಜಾಗದ ಗುರುತು ಸಿಗುತ್ತದೆ.

ನಿದ್ದೆಯಿಂದ ಎದ್ದ ಕೂಡಲೇ, ಉಂಡ ಹತ್ತು ಹದಿನೈದು ನಿಮಿಷದೊಳಗೆ, ಆಟದ ನಡುವೆ, ಮಲಗುವ ಮುಂಚೆ, ಇಷ್ಟು ಹೊತ್ತಿನಲ್ಲಿ ಮರಿಯನ್ನು ನೀವೇ ಅಲ್ಲಿಗೆ ಕರೆದೊಯ್ದು ಅಲ್ಲಿಯೇ ನಿಲ್ಲಬೇಕು. ಮಾಡಿ ಮುಗಿಸಿದ ಕೂಡಲೇ ಅಲ್ಲಿಯೇ ಚೂರು ಕೊಡಬೇಕು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟಂತಾಗುತ್ತದೆ. ಎರಡು ತಿಂಗಳ ಮರಿ ಹಗಲಿನಲ್ಲಿ ಎರಡು ಮೂರು ಗಂಟೆಗಿಂತ ಹೆಚ್ಚು ಹೊತ್ತು ತಡೆಯಲಾರದು, ರಾತ್ರಿ ಒಮ್ಮೆಯಾದರೂ ಏಳಿಸಬೇಕಾಗುತ್ತದೆ. ಒಳಗೆ ಮಾಡಿದ್ದು ಕಂಡರೆ ಸುಮ್ಮನೆ ಒರೆಸಿ, ಸೋಪಿನ ನೀರಿನಿಂದ ತೊಳೆದು, ಮೇಲೆ ನೀರು ಬೆರೆಸಿದ ವಿನೆಗರ್ ಹಚ್ಚಿ. ಫಿನಾಯಿಲ್‌ನಿಂದ ವಾಸನೆ ನಮ್ಮ ಮೂಗಿಗೆ ಮುಚ್ಚಿಹೋಗುತ್ತದೆ, ನಾಯಿಯ ಮೂಗಿಗಲ್ಲ.

ಮೂತಿಯನ್ನು ಮೂತ್ರಕ್ಕೆ ಉಜ್ಜುವ ಹಳೆಯ ಪದ್ಧತಿಯನ್ನು ದಯವಿಟ್ಟು ಕೈಬಿಡಿ. ಆ ಮರಿ ಕಲಿಯುವುದು ನಿಮ್ಮ ಎದುರಿಗೆ ಮೂತ್ರ ಮಾಡಬಾರದೆಂದು ಮಾತ್ರ. ಆಮೇಲೆ ಮಂಚದ ಅಡಿಯಲ್ಲಿ, ಅಕ್ಕಿಮೂಟೆಯ ಹಿಂದೆ ಮಾಡುತ್ತದೆ. ಬಯ್ಯುವಾಗ ತಲೆ ತಗ್ಗಿಸಿ ಬಾಲ ಮುದುರುವುದನ್ನು ಕಂಡು ತಪ್ಪಿನ ಅರಿವಾಗಿದೆ ಎಂದು ಹಲವರು ತಿಳಿಯುತ್ತಾರೆ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಏನೂ ತಪ್ಪು ಮಾಡದ ನಾಯಿಗಳು ಕೂಡ ಯಜಮಾನರು ಬಯ್ದಾಗ ಅದೇ ಮುಖ ಮಾಡಿದವು. ಅದು ಪಶ್ಚಾತ್ತಾಪದ ಮುಖವಲ್ಲ, ನಮ್ಮ ಸಿಟ್ಟಿಗೆ ಹೆದರಿದ ಮುಖ. ಹೊಡೆತದಿಂದ ಆಗುವ ಇನ್ನೊಂದು ಕೇಡು ಇದಕ್ಕಿಂತ ದೊಡ್ಡದು. ಗುರ್ರೆಂದದ್ದಕ್ಕೆ ಪೆಟ್ಟು ತಿಂದ ನಾಯಿ ಗುರ್ರೆನ್ನುವುದನ್ನು ನಿಲ್ಲಿಸುತ್ತದೆ, ಆದರೆ ಒಳಗಿನ ಭಯ ಹಾಗೆಯೇ ಇರುತ್ತದೆ. ಮುಂದೊಂದು ದಿನ ಮುನ್ಸೂಚನೆಯೇ ಇಲ್ಲದೆ ಮಗುವಿಗೆ ಬಾಯಿ ಹಾಕುತ್ತದೆ. ಬೇಡದ್ದನ್ನು ಮಾಡಿದಾಗ ಅದರಿಂದ ಸಿಗುವ ಫಲವನ್ನು ತೆಗೆದುಹಾಕುವುದೇ ಸಾಕಾದಷ್ಟು ಶಿಕ್ಷೆ. ಮರಿ ಕೈ ಕಚ್ಚಿದರೆ ಆಟ ನಿಲ್ಲಿಸಿ ಅರ್ಧ ನಿಮಿಷ ಎದ್ದುಹೋಗಿ, ನಂತರ ಗಂಟು ಹಾಕಿದ ಹಳೆಯ ಪಂಚೆಯ ತುಂಡನ್ನು ಕಚ್ಚಲು ಕೊಡಿ. ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಉದುರುವ ಕಾಲದಲ್ಲಿ ಜಗಲಿಯ ಮೇಲೆ ಚಪ್ಪಲಿ ಬಿಡದಿರುವುದು ಮನೆಯವರು ಕಲಿಯಬೇಕಾದ ಶಿಸ್ತು.

ಗೋಣಿಚೀಲದ ಜಾಗ, ರಾತ್ರಿಯ ಗೂಡು

ಅಡಿಕೆಯ ಕೊನೆಕೊಯ್ಲಿನ ದಿನಗಳಲ್ಲಿ ಹತ್ತಾರು ಜನ ಅಂಗಳದಲ್ಲಿ ಓಡಾಡುತ್ತಾರೆ, ನೆಂಟರು ಬರುತ್ತಾರೆ, ಸಂಜೆ ಅಡಿಕೆ ಸುಲಿಯುವವರು ಕತ್ತಿಮಣೆ ಹಾಕಿ ಕೂರುತ್ತಾರೆ. ಮೈಮೇಲೆ ಹಾರುವ, ಬೊಗಳುವ ನಾಯಿಗೆ ಆಗ ‘ಹಾರಬೇಡ’ ಎನ್ನುವುದಕ್ಕಿಂತ ‘ಇಲ್ಲಿ ಇರು’ ಎಂದು ಕಲಿಸುವುದು ಸುಲಭ. ಜಗಲಿಯ ಮೂಲೆಯಲ್ಲಿ ನಾಲ್ಕು ಮಡಿಕೆ ಮಾಡಿದ ಗೋಣಿಚೀಲ ಹಾಸಿ. ನಾಯಿ ತಾನಾಗಿಯೇ ಅದರ ಮೇಲೆ ಕಾಲಿಟ್ಟಾಗ ‘ಸೈ’ ಎಂದು ಚೂರನ್ನು ಚೀಲದ ಮೇಲೆಯೇ ಹಾಕಿ. ನಾಲ್ಕೂ ಕಾಲು ಇಡುವುದು, ಕೂರುವುದು, ಮಲಗುವುದು, ನೀವು ಎರಡು ಹೆಜ್ಜೆ ದೂರ ಹೋದರೂ ಮಲಗಿಯೇ ಇರುವುದು, ಹೀಗೆ ಬೆಳೆಸಿಕೊಂಡು ಹೋಗಿ, ಖಚಿತವಾಗಿ ಹೋಗಿ ಮಲಗುತ್ತದೆ ಎಂದಾದ ಮೇಲೆ ‘ಜಾಗ’ ಎಂಬ ಮಾತನ್ನು ಸೇರಿಸಿ. ಮೊದಲು ಮನೆಯವರೇ ಹೊರಗಿಂದ ಬಂದು ನೆಂಟರಂತೆ ನಟಿಸಲಿ, ಆಮೇಲೆ ಪರಿಚಿತರು, ಕೊನೆಗೆ ಅಪರಿಚಿತರು. ಎಲ್ಲಿ ಕೆಡುತ್ತದೋ ಅಲ್ಲಿಂದ ಒಂದು ಹಂತ ಹಿಂದಕ್ಕೆ ಬನ್ನಿ. ಬಂದವರಿಗೂ ಒಂದು ಮಾತು ಹೇಳಿರಬೇಕು: ನಾಯಿ ಹಾರಿದರೆ ಮುಟ್ಟಬೇಡಿ, ಮಾತಾಡಬೇಡಿ, ನಾಲ್ಕು ಕಾಲೂ ನೆಲದ ಮೇಲಿದ್ದಾಗ ಮಾತ್ರ ಮಾತಾಡಿಸಿ. ಆ ಗೋಣಿಚೀಲವನ್ನೇ ಮಡಚಿ ಒಯ್ದರೆ ಬೇರೆ ಮನೆಯಲ್ಲೂ, ಪಶು ಆಸ್ಪತ್ರೆಯ ಜಗಲಿಯಲ್ಲೂ ನಾಯಿ ಸಮಾಧಾನದಿಂದ ಕೂರುತ್ತದೆ.

ಹಗಲೆಲ್ಲ ಸರಪಳಿಯಲ್ಲಿ ಕಟ್ಟಿ, ಕತ್ತಲಾದ ಮೇಲೆ ಕಾವಲಿಗೆಂದು ಬಿಡುವುದು ನಮ್ಮ ಕಡೆಯ ವಾಡಿಕೆ. ಇದು ತಿರುಗುಮುರುಗಾಗಬೇಕು. ಹಗಲು ಜನರ ನಡುವೆ ಇರಬೇಕಾದ ಪ್ರಾಣಿ ಒಂಟಿಯಾಗಿ ಕಟ್ಟಿಸಿಕೊಂಡು ಸಿಡುಕು ಬೆಳೆಸಿಕೊಳ್ಳುತ್ತದೆ, ಚಿರತೆ ಓಡಾಡುವ ರಾತ್ರಿಯಲ್ಲಿ ಬಯಲಿಗೆ ಬೀಳುತ್ತದೆ. ಅಂಗಳದ ತುದಿಯಲ್ಲಿ ಕಟ್ಟಿಹಾಕಿದ ನಾಯಿಗಂತೂ ಓಡಿ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಕೂಡ ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಅತಿ ಹೆಚ್ಚು ಹೊತ್ತು ಕಟ್ಟುವುದನ್ನೂ, ಸದಾ ಕಟ್ಟಿಹಾಕಿದ ನಾಯಿಗೆ ಓಡಾಟ ಕೊಡದಿರುವುದನ್ನೂ ಅಪರಾಧವೆಂದು ಹೇಳುತ್ತದೆ. ಕತ್ತಲಾಗುವ ಮುಂಚೆ ‘ಬಾ’ ಎಂದು ಕರೆದು ಒಳಗೆ ಅಥವಾ ಗಟ್ಟಿಯಾದ ಜಾಲರಿ, ಚಿಲಕವಿರುವ ಗೂಡಿಗೆ ಸೇರಿಸಿ, ರಾತ್ರಿಯ ಊಟವನ್ನು ಅಲ್ಲಿಯೇ ಕೊಡಿ. ಊಟ ಅಲ್ಲಿ ಸಿಗುತ್ತದೆಂದು ತಿಳಿದ ನಾಯಿ ಕೆಲವೇ ದಿನಗಳಲ್ಲಿ ಹೊತ್ತು ಇಳಿಯುವಾಗ ತಾನೇ ಬಂದು ಬಾಗಿಲಲ್ಲಿ ಕಾಯುತ್ತದೆ. ಒಳಗಿನಿಂದಲೂ ಅದು ಬೊಗಳಿ ಎಚ್ಚರಿಸುತ್ತದೆ, ಕಾವಲಿಗೆ ಕೊರತೆಯಾಗುವುದಿಲ್ಲ.

ಮೈ ಮುಟ್ಟಿಸಿಕೊಳ್ಳುವ ಅಭ್ಯಾಸ

ತೋಟದಿಂದ ಬಂದ ನಾಯಿಯ ಕಿವಿಯೊಳಗೆ ಉಣುಗು, ಬೆರಳ ಸಂದಿಯಲ್ಲಿ ಇಂಬಳ (ಜಿಗಣೆ), ಕೆಲವೊಮ್ಮೆ ಮೂಗಿನೊಳಗೂ ಇಂಬಳ ಇರುತ್ತದೆ. ಮುಟ್ಟಿಸಿಕೊಳ್ಳದ ನಾಯಿಯಲ್ಲಿ ಇವನ್ನು ನೋಡುವುದೇ ಅಸಾಧ್ಯ. ಮರಿಯಾಗಿರುವಾಗಲೇ ದಿನಕ್ಕೊಮ್ಮೆ ಕಿವಿ ಮುಟ್ಟಿ ಒಂದು ಚೂರು, ತುಟಿ ಎತ್ತಿ ಹಲ್ಲು ನೋಡಿ ಒಂದು ಚೂರು, ಪಾದ ಹಿಡಿದು ಒಂದು ಚೂರು ಕೊಡಿ. ಮೊದಲು ಮುಟ್ಟುವುದು, ಆಮೇಲೆ ಕೊಡುವುದು. ಈ ಕ್ರಮ ಹಿಂದುಮುಂದಾದರೆ ಚೂರು ಕಂಡೊಡನೆ ನಾಯಿಗೆ ಅನುಮಾನ ಶುರುವಾಗುತ್ತದೆ. ಉಣುಗನ್ನು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು, ಬರಿಗೈಯಲ್ಲಿ ಹಿಸುಕಬಾರದು.

ರೇಬೀಸ್ ಲಸಿಕೆಯನ್ನು ಮೂರು ತಿಂಗಳು ತುಂಬಿದಾಗ ಹಾಕಿಸಿ, ನಂತರದ ಡೋಸುಗಳನ್ನು ಪಶುವೈದ್ಯರು ಹೇಳಿದ ದಿನಕ್ಕೆ ತಪ್ಪಿಸದೆ ಹಾಕಿಸಬೇಕು. ಆಟದಲ್ಲಿ ಹಲ್ಲು ತಾಗಿ ರಕ್ತ ಬಂದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಸಿನ, ಮೆಣಸಿನಪುಡಿ ಹಚ್ಚಬಾರದು. ಚಿಕ್ಕ ಮಕ್ಕಳನ್ನು ಎಷ್ಟೇ ಸಾಧುವಾದ ನಾಯಿಯ ಜೊತೆಗಾದರೂ ದೊಡ್ಡವರಿಲ್ಲದೆ ಬಿಡಬೇಡಿ, ಉಣ್ಣುತ್ತಿರುವ, ಮಲಗಿರುವ ನಾಯಿಯನ್ನು ಮುಟ್ಟಬಾರದೆಂದು ಮಕ್ಕಳಿಗೂ ಕಲಿಸಿ.

ಬೆಳೆದ ನಾಯಿಗೆ ಕಲಿಸಲಾಗದು ಎಂಬ ನಂಬಿಕೆ ಸರಿಯಲ್ಲ. ಬೀದಿಯಿಂದ ತಂದ ಐದಾರು ವರ್ಷದ ನಾಯಿಗೂ ಇದೇ ಕ್ರಮ ಹೊಂದುತ್ತದೆ. ಮೊದಲ ಎರಡು ಮೂರು ವಾರ ಏನನ್ನೂ ಕಲಿಸದೆ, ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾ, ತಾನಾಗಿ ಹತ್ತಿರ ಬರುವವರೆಗೆ ಕಾಯಬೇಕು, ಅಷ್ಟೇ. ಆದರೆ ಇಷ್ಟು ದಿನ ಸರಿಯಿದ್ದ ನಾಯಿ ಇದ್ದಕ್ಕಿದ್ದಂತೆ ಮುಟ್ಟಿದರೆ ಗುರ್ರೆಂದರೆ, ಕರೆದರೆ ಏಳದಿದ್ದರೆ, ಒಳಗೆ ಮೂತ್ರ ಮಾಡತೊಡಗಿದರೆ ಅದು ಶಿಸ್ತಿನ ವಿಷಯವಲ್ಲ. ಕಿವಿಯ ಸೋಂಕು, ಕೀಲುನೋವು, ಉಣುಗುಜ್ವರ, ಯಾವುದೂ ಇರಬಹುದು. ಅಂಥ ನಾಯಿಯನ್ನು ತಾಲ್ಲೂಕಿನ ಪಶು ಆಸ್ಪತ್ರೆಗೋ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೋ ಕರೆದೊಯ್ದು ತೋರಿಸಿ, ನೋವು ವಾಸಿಯಾದ ಮೇಲೆಯೇ ಪಾಠವನ್ನು ಮುಂದುವರಿಸಿ. ನಾಯಿಯ ಆಕ್ರಮಣ ಈಗಾಗಲೇ ಮನುಷ್ಯರನ್ನು ಕಚ್ಚುವ ಮಟ್ಟಕ್ಕೆ ಹೋಗಿದ್ದರೆ ವೈದ್ಯರನ್ನು ಕಾಣುವವರೆಗೆ ಬಾಯಿಬುಟ್ಟಿ ಹಾಕಿಸಿ. ಅದನ್ನೂ ಒಂದೇ ಸಲ ಬಿಗಿಯದೆ, ಬುಟ್ಟಿಯ ಒಳಗಿನಿಂದ ಚೂರು ತಿನ್ನಿಸುತ್ತಾ ನಾಯಿ ತಾನಾಗಿಯೇ ಮೂತಿ ತೂರಿಸುವಂತೆ ಮೊದಲೇ ಅಭ್ಯಾಸ ಮಾಡಿಸಿ.